ಪೆಟ್ಟು ಬಿದ್ದ ಹೊತ್ತು

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಒಂದು ಮಗ್ಗದ ಶೆಡ್ಡಿನಲ್ಲಿ ನಾನು ಜಾಬರ್ ಆಗಿದ್ದೆ. ಮಗ್ಗ ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು, ಯಾವ ಮಗ್ಗ ನಿಲ್ಲಬೇಕು ಯಾವುದು ಓಡಬೇಕು ಎಂದು ಹೇಳುವುದು ಜಾಬರನ ಕೆಲಸ. ನಾನು ಬರೆಯಲು ಕುಳಿತದ್ದು ಆ ಕೊನೆಯ ಅಧಿಕಾರವನ್ನು ಒಂದು ಮಂಗಳವಾರ ಹೇಗೆ ಬಳಸಿದೆ ಎಂಬುದನ್ನು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಮ್ಯಾಟ್ರಿಕ್‌ವರೆಗೆ. ಇಲ್ಲಿ ಬರುವ ವೈದ್ಯಕೀಯದ ಮಾತಿನಲ್ಲಿ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ತಪ್ಪು, ತಿಳಿಸಿ ಹೇಳಿದ ಡಾಕ್ಟರದ್ದಲ್ಲ.

ಆಷಾಢದ ದಿನಗಳು. ಸೋಮವಾರ ಸಂಜೆ ಒಂದು ಮಗ್ಗಕ್ಕೆ ಹೊಸ ಭೀಮ್ ಏರಿಸಿದ್ದೆ. ಭೀಮ್ ಎಂದರೆ ಹಾಸಿನ, ಅಂದರೆ ಬಟ್ಟೆಯ ಉದ್ದ ಎಳೆಗಳ, ನೂಲು ಸುತ್ತಿದ ದೊಡ್ಡ ಉರುಳೆ. ಮಗ್ಗಕ್ಕೆ ಬರುವ ಮೊದಲು ಆ ನೂಲಿಗೆ ಗಂಜಿ ಕುಡಿಸುತ್ತಾರೆ. ಗಂಜಿ ಚೆನ್ನಾಗಿ ಒಣಗಿದರೆ ಎಳೆ ಗಟ್ಟಿಯಾಗುತ್ತದೆ. ಒಣಗದೆ ಉಳಿದು, ಮೇಲೆ ಮಳೆಗಾಲದ ತೇವವನ್ನೂ ಹೀರಿಕೊಂಡರೆ ಎಳೆಗೆ ಎಳೆ ಅಂಟುತ್ತದೆ. ಮಗ್ಗ ಓಡುವಾಗ ಹಾಸಿನ ಅರ್ಧ ಎಳೆಗಳು ಮೇಲೆದ್ದು, ಅರ್ಧ ಕೆಳಗಿಳಿದು, ನಡುವೆ ಬಾಯಿ ತೆರೆಯಬೇಕು. ಆ ಬಾಯಿಯೊಳಗಿಂದ ಅಡ್ಡ ನೂಲು ಹೊತ್ತ ಲಾಳಿ ಹಾಯಬೇಕು. ಅಂಟಿದ ಎಳೆ ಅಡ್ಡ ನಿಂತರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಲಾಳಿ ಆ ಎಳೆಯ ಮೇಲೆ ಹತ್ತುತ್ತದೆ. ಹತ್ತಿದ ಲಾಳಿ ಎದುರು ಬದಿಯ ತನ್ನ ಪೆಟ್ಟಿಗೆಗೆ ಹೋಗುವುದಿಲ್ಲ, ಹೊರಗೆ ಹಾರುತ್ತದೆ. ಎರಡು ತುದಿಗೂ ಉಕ್ಕಿನ ಮೊನೆಯಿರುವ ಗಟ್ಟಿ ಕಟ್ಟಿಗೆ ಅದು.

ಹಾರಬಾರದೆಂದೇ ಮಗ್ಗದ ಮುಂದೆ ಒಂದು ಕಬ್ಬಿಣದ ಸರಳು ಇರುತ್ತದೆ. ಗಾರ್ಡ್ ಎನ್ನುತ್ತೇವೆ. ಗಾರ್ಡ್ ಇದ್ದರೆ ತುಂಡಾದ ಎಳೆ ಕಟ್ಟಲು ಕೈ ಸಲೀಸಾಗಿ ಹೋಗದು, ಪ್ರತಿ ಸಲ ಎತ್ತಬೇಕು. ಅದಕ್ಕೆ ನಮ್ಮ ಶೆಡ್ಡಿನ ಎಲ್ಲ ಗಾರ್ಡುಗಳನ್ನು ನಾನೇ ಬಿಚ್ಚಿದ್ದೆ. ಬಿಚ್ಚಿದ ಸರಳುಗಳನ್ನು ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಬಡಿದಿದ್ದೆ. ಕೆಲಸಗಾರರು ಅವಕ್ಕೆ ಊಟದ ಡಬ್ಬಿ, ಛತ್ರಿ ತೂಗುಹಾಕುತ್ತಿದ್ದರು.

ಆ ಮಗ್ಗ ನಡೆಸುತ್ತಿದ್ದವನು ಗಡಹಿಂಗ್ಲಜ ಹತ್ತಿರದ ಒಂದು ಹಳ್ಳಿಯವನು. ಮೂವತ್ತೆರಡು, ಮೂವತ್ತಮೂರು ವಯಸ್ಸು. ಹೆಂಡತಿಯ ಜೊತೆ ಇಚಲಕರಂಜಿಯಲ್ಲಿ ಒಂದು ಖೋಲಿ ಹಿಡಿದಿದ್ದ. ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ, ಮಾತಿಗೆ ಮೊದಲು ನಗುತ್ತಿದ್ದ. ಮಂಗಳವಾರ ಪಾಳಿ ಶುರುವಾಗಿ ಒಂದು ತಾಸಿಗೆ ನನ್ನ ಬಳಿ ಬಂದ.

"ಕಾಕಾ, ಆ ಹಾಸು ಅಂಟಾಕತ್ತೈತ್ರಿ. ಧೋಟಾ ಎಡವಿದಂಗ ಸಪ್ಪಳಾ ಬರಾಕತ್ತೈತಿ."

ಧೋಟಾ ಎಂದರೆ ಲಾಳಿ. ನಾನು ಹೋಗಿ ನೋಡಿದೆ. ಎಡ ಅಂಚಿನ ಹತ್ತಿರ ಎಳೆಗಳು ಗುಂಪುಗುಂಪಾಗಿ ಅಂಟಿದ್ದವು. ಮಗ್ಗ ನಿಲ್ಲಿಸಬೇಕಿತ್ತು. ನಿಲ್ಲಿಸಿ, ಎಳೆ ಬಿಡಿಸಿ, ಒಣ ಪುಡಿ ಉದುರಿಸಿ, ಆಗದಿದ್ದರೆ ಭೀಮನ್ನೇ ಇಳಿಸಿ ವಾಪಸು ಕಳಿಸಬೇಕಿತ್ತು. ಅದು ಅರ್ಧ ದಿನದ ಕೆಲಸ.

"ಕೈಲೆ ಬಿಡಿಸಿಕೋತ ನಡಸು ತಮ್ಮಾ. ಮಧ್ಯಾಹ್ನ ನೋಡೂಣು" ಎಂದೆ.

"ನಮ್ಮ ಅತ್ತಿ ಕಣ್ಣು ಬಿದ್ದೈತಿ ಕಾಕಾ ಈ ಮಗ್ಗಕ್ಕ. ನನ್ನ ನೋಡಿದ್ರ ಮುನಸತೈತಿ" ಎಂದು ನಗುತ್ತ ಹೋದ.

ಹನ್ನೊಂದು ಗಂಟೆಯ ಸುಮಾರಿಗೆ ಸದ್ದಿನ ನಡುವೆ ಒಂದು ಮಗ್ಗದ ಬಡಿತ ತಪ್ಪಿದ್ದು ನನ್ನ ಕಿವಿಗೆ ಬಿತ್ತು. ಎಷ್ಟೇ ಮಗ್ಗಗಳ ಗದ್ದಲವಿದ್ದರೂ ಜಾಬರನಿಗೆ ಅದು ಗೊತ್ತಾಗುತ್ತದೆ. ತಿರುಗಿ ನೋಡಿದಾಗ ಅವನು ಎರಡು ಮಗ್ಗಗಳ ನಡುವಿನ ಓಣಿಯಲ್ಲಿ ಮೊಣಕಾಲೂರಿ ಕುಳಿತಿದ್ದ. ಪಕ್ಕದ ಮಗ್ಗದಲ್ಲಿ ಬಾಗಿ ಎಳೆ ಕಟ್ಟುತ್ತಿದ್ದಾಗ ಆ ಅಂಟಿದ ಹಾಸಿನ ಮಗ್ಗದ ಲಾಳಿ ಹಾರಿ ಎಡ ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ನಾನು ಮುಟ್ಟಿದಾಗ ಕಣ್ಣು ತೆರೆದೇ ಇದ್ದವು, ಆದರೆ ನೋಟವಿರಲಿಲ್ಲ. ಐದಾರು ಉಸಿರಿನ ಹೊತ್ತು ಹಾಗಿದ್ದು, ಆಮೇಲೆ "ಏನಾತ್ರಿ?" ಎಂದ.

ರಕ್ತ ಹೆಚ್ಚು ಬಂದಿರಲಿಲ್ಲ. ಕೂದಲೊಳಗೆ ಉಗುರಿನಷ್ಟು ಗಾಯ. ಹತ್ತಿಯ ವೇಸ್ಟ್ ಒತ್ತಿ ಹಿಡಿದೆ, ಚಹಾದ ಅಂಗಡಿಯಿಂದ ಅರಿಶಿನ ತರಿಸಿ ಮೆತ್ತಿದೆ, ತಲೆಗೆ ಟವೆಲ್ ಸುತ್ತಿಸಿದೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಮನುಷ್ಯನ ರಕ್ತ ನೋಡಿದ ಮಗ್ಗವನ್ನು ಕಾಯಿ ಒಡೆಯದೆ ಮತ್ತೆ ಓಡಿಸುತ್ತಿರಲಿಲ್ಲ. ಯಾರಿಗೂ ಹೇಳಬೇಕಾಗಿರಲಿಲ್ಲ. ಒಬ್ಬ ತೆಂಗಿನಕಾಯಿ ತಂದ, ಇನ್ನೊಬ್ಬ ಊದುಬತ್ತಿ ಹಚ್ಚಿದ. ಆಗ ನಾನು ಅಂಟಿದ ಎಳೆಗಳನ್ನು ಬಿಡಿಸಿದೆ, ಒಣ ಪುಡಿ ಹಾಕಿದೆ. ಮುಂಜಾನೆ ಮಾಡಬೇಕಾದದ್ದನ್ನು ಮಧ್ಯಾಹ್ನ ಮಾಡಿದೆ. ಮಗ್ಗಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದೆ. ಅವನಿಗೆ ಕೊಟ್ಟದ್ದು ಎದುರಿನ ಪಾನ್ ಅಂಗಡಿಯ ನೋವಿನ ಗುಳಿಗೆ ಎರಡು. "ಬಾವೂ ಇಳೀತೈತಿ" ಎಂದಿದ್ದ ಅಂಗಡಿಯವನು.

ಆ ಸಾಲಿನ ಹಿರಿಯ ಕೆಲಸಗಾರನೊಬ್ಬ ಕಾಯಿಯ ಹೋಳು ಕಚ್ಚುತ್ತ ಅಂದ: "ಚಲೋ ಆತು ನೋಡ್ರಿ ಜಾಬರ್. ಮಗ್ಗಕ್ಕ ಕಾಯಿ, ಮನಷ್ಯಾಗ ಗುಳಿಗಿ."

ಎಲ್ಲರೂ ನಕ್ಕರು. ಪೆಟ್ಟು ತಿಂದವನೂ ನಕ್ಕ. ನಾನು ಅವನನ್ನು ಪಕ್ಕಕ್ಕೆ ಕರೆದು, "ದವಾಖಾನಿಗೆ ಹೋದ್ರ ನೂರಾಎಂಟು ಕೇಳತಾರ. ಶೆಡ್ಡಿಗೆ ಯಾರರೆ ಬಂದು ಗಾರ್ಡ್ ಎಲ್ಲಿ ಅಂದ್ರ ನನ್ನ ಕುತಗಿಗೆ ಬರತೈತಿ. ಮನ್ಯಾಗೂ ಹೇಳಬ್ಯಾಡ, ಸುಮ್ನ ಅಂಜತಾರ" ಎಂದೆ.

"ಇಷ್ಟಕ್ಕ ಯಾರ ಹೇಳತಾರ ಬಿಡ್ರಿ ಕಾಕಾ" ಎಂದ.

ಪಾಳಿ ಮುಗಿಯುವವರೆಗೆ ಕೆಲಸ ಮಾಡಿದ. ನಾಲ್ಕು ಗಂಟೆಗೆ ಚಹಾ ಕುಡಿದು ಗಟಾರದ ಹತ್ತಿರ ವಾಂತಿ ಮಾಡಿಕೊಂಡ. ನಾನು ನೋಡಿದೆ. ಖಾಲಿ ಹೊಟ್ಟೆಗೆ ಚಹಾ ಅಂದುಕೊಂಡೆ. ಅಂದುಕೊಂಡೆ ಎಂದು ಬರೆಯುವುದೂ ಪೂರ್ತಿ ನಿಜವಲ್ಲ. ಹಾಗೆ ಅಂದುಕೊಳ್ಳಲು ಬಯಸಿದೆ.

ಬುಧವಾರವೂ ಬಂದ. ಟವೆಲ್ ಹಾಗೆಯೇ ಇತ್ತು. ನಗಲಿಲ್ಲ. ಮೇಲಿನ ಎಳೆಗೆ ಕೆಳಗಿನ ಎಳೆ ಕಟ್ಟಿದ. ನೂಲಿನ ಕಾಂಡಿಯನ್ನು ಲಾಳಿಯೊಳಗೆ ತಿರುಗುಮುರುಗು ಕೂಡಿಸಿ, ಯಾಕೆ ಕೂಡುತ್ತಿಲ್ಲ ಎಂದು ಅದನ್ನೇ ನೋಡುತ್ತ ನಿಂತ. ಹತ್ತು ವರ್ಷ ಆ ಕೆಲಸ ಮಾಡಿದವನು. "ತಲಿ ಭಾಳ ಜಡ ಆಗೇತ್ರಿ ಕಾಕಾ" ಎಂದಾಗ ಮತ್ತೆ ಎರಡು ಗುಳಿಗೆ ಕೊಟ್ಟೆ. ಸಂಜೆ ಮತ್ತೆರಡು. ಸ್ಟ್ರಿಪ್ ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಗುರುವಾರ ಮುಂಜಾನೆ ಎಂಟಕ್ಕೆ ಸೈಕಲ್ ಮೇಲೆ ಬಂದ. ಶೆಡ್ಡಿನ ಗೇಟಿನ ಹತ್ತಿರ ಇಳಿಯಲು ಹೋಗಿ, ಇಳಿಯಲಾರದೆ ಸೈಕಲ್ ಸಮೇತ ಬಿದ್ದ. ನಾವು ಎತ್ತುವಾಗ ಬಲಗೈ ಜೋತುಬಿದ್ದಿತ್ತು. ಏನೋ ಹೇಳುತ್ತಿದ್ದ, ಮಾತು ಮುದ್ದೆಯಾಗಿ ಬರುತ್ತಿತ್ತು.

ರಿಕ್ಷಾದಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರ್ ಮರಾಠಿಯಲ್ಲಿ, ಏನಾಯಿತು, ಯಾವಾಗ ಎಂದು ಕೇಳಿದರು. "ಸೈಕಲ್‌ವರೂನ್ ಪಡಲಾ ಸಾಹೇಬ್. ಆತ್ತಾಚ್, ಅರ್ಧಾ ತಾಸ್ ಝಾಲಾ" ಎಂದೆ. ಸೈಕಲ್ ಮೇಲಿಂದ ಬಿದ್ದ, ಈಗಷ್ಟೇ ಅರ್ಧ ತಾಸಾಯಿತು. ಹೀಗೆ ಹೇಳೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾಲೀಕರು ಊರಲ್ಲೇ ಇರಲಿಲ್ಲ. ಅವರ ಮೇಲೆ ಹಾಕಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಿದ್ದದ್ದನ್ನು ಹತ್ತು ಮಂದಿ ನೋಡಿದ್ದರು, ಗೇಟಿನ ಹೊರಗೆ ಬಿದ್ದಿದ್ದ. ಸುಳ್ಳು ತಾನಾಗಿ ಕೈಗೆ ಬಂದಂತಿತ್ತು, ತೆಗೆದುಕೊಂಡೆ.

ತಲೆಯ ಸ್ಕ್ಯಾನ್ ಮಾಡಿ ಕೂಡಲೇ ಕೊಲ್ಹಾಪುರಕ್ಕೆ ಕಳಿಸಿದರು. ಆಂಬ್ಯುಲೆನ್ಸಿನಲ್ಲಿ ನಾನು, ಅವನ ಹೆಂಡತಿ. ಆಕೆ ಅವನ ಕಾಲು ಹಿಡಿದುಕೊಂಡು ಕುಳಿತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು: "ಎಲ್ಲಿ ಬಿದ್ರಿ ಕಾಕಾ? ಹ್ಯಾಂಗ ಬಿದ್ರು?" ನಾನು ಗೇಟು, ಕಲ್ಲು, ಜಾರು ರಸ್ತೆ ಎಂದೆಲ್ಲ ಹೇಳಿದೆ. ಒಂದು ಸುಳ್ಳಿಗೆ ಕಲ್ಲು ಬೇಕಾಯಿತು, ಕಲ್ಲಿಗೆ ಮಳೆ ಬೇಕಾಯಿತು.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಳ್ಳುತ್ತಿದ್ದವರು ನಿಪ್ಪಾಣಿ ಕಡೆಯ ಒಬ್ಬ ಹೆಣ್ಣು ಡಾಕ್ಟರ್. ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಚಿಕ್ಕ ವಯಸ್ಸು, ನಮ್ಮ ಮಾತೇ ಆಡುತ್ತಿದ್ದರು. ಹನ್ನೊಂದು ಗಂಟೆಗೆ ಹೊರಗೆ ಬಂದು ನನ್ನನ್ನು ಕರೆದರು. ಹೆಸರು ಕರೆದರೆ ಕಣ್ಣು ತೆರೆಯುತ್ತಾನೆ, ಮಿದುಳಿನ ಎಡಭಾಗ ಜಜ್ಜಿದಂತಾಗಿದೆ, ಸುತ್ತ ಬಾವು ಬಂದಿದೆ, ಬಾವು ಇಳಿಸಲು ಸಲೈನ್ ಹಚ್ಚಿದ್ದೇವೆ, ಸಂಜೆ ಮತ್ತೊಂದು ಸ್ಕ್ಯಾನ್ ಮಾಡಿ ನೋಡುತ್ತೇವೆ ಎಂದರು. ಆಮೇಲೆ ಕೇಳಿದರು:

"ಕಾಕಾ, ಪೆಟ್ಟು ಯಾವಾಗ ಬಿತ್ತು?"

"ಮುಂಜಾನೆ ಎಂಟಕ್ಕರಿ."

"ಕಿವಿ ಮ್ಯಾಲಿನ ಗಾಯಾ ಆಗ್ಲೇ ಕಪ್ಪು ಕಟ್ಟೇತಿ. ಅದರ ಮ್ಯಾಲೆ ಅರಿಷಿಣಾ ಐತಿ. ಎಂಟಕ್ಕ ಬಿದ್ದಾಂವಗ ಅರಿಷಿಣಾ ಯಾವಾಗ ಹಚ್ಚಿದ್ರಿ?"

ನಾನು ಅಂಗಿಯ ಕಿಸೆಯ ಮೇಲೆ ಕೈಯಿಟ್ಟುಕೊಂಡೆ, ಗುಳಿಗೆಯ ಸ್ಟ್ರಿಪ್ ಅದರಲ್ಲೇ ಇತ್ತು.

"ನಾ ಪೊಲೀಸ ಅಲ್ರಿ. ಹೊತ್ತು ಯಾಕ ಕೇಳಾಕತ್ತೇನಿ ಅಂತ ಹೇಳತೇನಿ, ಕೇಳ್ರಿ." ಅವರು ಗೋಡೆಗೆ ಒರಗಿ ನಿಂತು, ಅವಸರದಲ್ಲಿದ್ದರೂ ಬಿಡಿಸಿ ಹೇಳಿದರು. "ತಲಿ ಪೆಟ್ಟು ಅಂದ್ರ ಬರೇ ಬಿದ್ದ ಪೆಟ್ಟಲ್ಲ. ಬಿದ್ದ ಮ್ಯಾಲೆ ಒಳಗ ಇನ್ನೊಂದು ಶುರು ಆಗತೈತಿ. ರಕ್ತನಾಳದ ಒಳಗಿನ ಗ್ವಾಡಿ ನುಣ್ಣಗಿರತೈತಿ. ಬಿಳಿ ರಕ್ತಕಣ ಅದರ ಮ್ಯಾಲೆ ಸರಾಗ ಹೋಗತಾವ. ಮಿದುಳಿಗೆ ಪೆಟ್ಟಾತಂದ್ರ ಆ ಗ್ವಾಡಿ ತನ್ನ ಮೈಮ್ಯಾಲೆ ಅಂಟೂ ಅಣುಗಳನ್ನ ಹೊರಗ ಹಾಕತೈತಿ. ಜೀವಕೋಶಕ್ಕ ಜೀವಕೋಶ ಹಿಡಿಸೂ ಅಣು. ಹಂಗ ಹೊಂಟಿದ್ದ ಬಿಳಿಕಣ ಮೊದಲ ಸಾವಕಾಶ ಆಗತಾವ, ಆಮ್ಯಾಲೆ ಅಂಟತಾವ, ಆಮ್ಯಾಲೆ ಸಂದಿ ಹಿಡದು ಮಿದುಳಿನೊಳಗ ಇಳೀತಾವ."

"ಅವು ಕೆಟ್ಟವೇನ್ರಿ?"

"ಕೆಟ್ಟವಲ್ಲ. ಹೊಲಸ ಬಳಿಯಾಕ ಬಂದಾವ. ಆದ್ರ ಒಮ್ಮೆಲೆ ಭಾಳ ಬಂದ್ರ ಅವು ಬಿಡೂ ರಸದಿಂದ ಚಲೋ ಇದ್ದ ಭಾಗಾನೂ ಕೆಡತೈತಿ. ನಾಳ ಸೋರತಾವ. ಮಿದುಳು ಬಾಯತೈತಿ. ಕೈ ಬಾತ್ರ ಚರ್ಮಾ ಹಿಗ್ಗತೈತಿ, ತಲಿಬುರಡಿ ಹಿಗ್ಗೂದಿಲ್ಲ. ಇದು ಅರ್ಧಾ ತಾಸಿನಾಗ ಆಗೂ ಕೆಲಸಲ್ಲ. ತಾಸಿನಿಂದ ತಾಸಿಗೆ ಏರತೈತಿ, ಎರಡನೇ ದಿನಾ, ಮೂರನೇ ದಿನಾ ಜೋರಾಗತೈತಿ. ಈಗ ಹೇಳ್ರಿ. ಇಂವ ಇವತ್ತ ಬಿದ್ದಿದ್ರ ನಾವು ಕಾದು ನೋಡಬೇಕು. ಮೊನ್ನೆ ಬಿದ್ದಿದ್ರ ಎರಡು ದಿನಾ ಆಗ್ಲೇ ಏರೇತಿ, ಇನ್ನ ಕಾಯಾಕ ಜಾಗಾ ಇಲ್ಲ. ಬುರಡಿ ತುಕಡಿ ತಗದು ಜಾಗಾ ಮಾಡಿ ಕೊಡಬೇಕು. ಯಾವಾಗ ಬಿದ್ದಾನ?"

"ಮುಂಜಾನೆ ಎಂಟಕ್ಕರಿ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಗುಳಿಗಿ ಏನರೆ ತಗೊಂಡಾನೇನು?"

"ಇಲ್ರಿ."

ಅವರು ಒಳಗೆ ಹೋದರು. ನಾನು ಹೊರಗೆ ಬಾಕಿನ ಮೇಲೆ ಕುಳಿತೆ. ಅವರು ಹೇಳಿದ್ದರಲ್ಲಿ ಅರ್ಧದಷ್ಟನ್ನೂ ಬೇರೆ ಯಾರಾದರೂ ತಿಳಿದುಕೊಳ್ಳುತ್ತಿರಲಿಲ್ಲವೇನೋ, ನನಗೆ ಪೂರ್ತಿ ತಿಳಿದಿತ್ತು. ಅಂಟಬಾರದ ಕಡೆ ಅಂಟಿದ್ದು ಏನು ಮಾಡುತ್ತದೆ ಎಂಬುದನ್ನು ನಲವತ್ತು ವರ್ಷ ಕೈಯಲ್ಲಿ ಹಿಡಿದು ನೋಡಿದವನು ನಾನು. ಒಂದು ಎಳೆ ಪಕ್ಕದ್ದನ್ನು ಹಿಡಿಯುತ್ತದೆ, ಅವೆರಡು ಮೂರನೆಯದನ್ನು. ಬೇಗ ನಿಲ್ಲಿಸಿದರೆ ಬೆರಳಿನಿಂದ ಬಿಡಿಸಬಹುದು. ಓಡಿಸುತ್ತಲೇ ಇದ್ದರೆ ಅರ್ಧ ಹಾಸು ಹರಿದುಹೋಗುತ್ತದೆ. ನಿಲ್ಲಿಸುವ ಅಧಿಕಾರ ಅವತ್ತು ಶೆಡ್ಡಿನಲ್ಲೂ ನನ್ನದೇ, ಆ ಆಸ್ಪತ್ರೆಯಲ್ಲೂ ನನ್ನದೇ ಆಗಿತ್ತು. ಇಷ್ಟು ತಿಳಿದೂ ಎರಡೂವರೆ ತಾಸು ಕುಳಿತೆ. ಕೆಲಸ ಹೋದೀತು, ಪೊಲೀಸರು ಬಂದಾರು, ಈ ವಯಸ್ಸಿನಲ್ಲಿ ಕೋರ್ಟು ಹತ್ತಬೇಕಾದೀತು ಎಂದು ಎಣಿಸುತ್ತಿದ್ದೆ. ಒಳಗಿದ್ದವನ ಬಗ್ಗೆ ಎಣಿಸಿದ್ದು ಕಡಿಮೆ.

ಒಂದೂವರೆಗೆ ಅವನ ಹೆಂಡತಿ ಒಳಗಿನಿಂದ ಬಂದಳು. ಬಂದವಳು ನನ್ನ ಕಾಲ ಹತ್ತಿರ ನೆಲದ ಮೇಲೆ ಕುಳಿತಳು.

"ಹೆಸರು ಕರದ್ರ ಕಣ್ಣು ತಗೀವಲ್ರು ಕಾಕಾ. ಮೊದಲ ತಗೀತಿದ್ರು."

ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂದ ತಪ್ಪರಿ. ಮುಂಜಾನೆ ಎದ್ದು ತಲಿ ಭಾಳ ನೋಯತೈತಿ, ಇವತ್ತ ಹೋಗೂದಿಲ್ಲ ಅಂದ್ರು. ನಾನ ಬೈದ್ನಿ. ನಾಟಕಾ ಮಾಡಬ್ಯಾಡ್ರಿ, ಖಾಡಾ ಮಾಡಿದ್ರ ಜಾಬರ್ ಕಾಕಾ ಏನಂತಾರ ಅಂತ ಸೈಕಲ್ ಹೊರಗ ತಂದು ನಿಲ್ಲಿಸಿ ಕಳಸಿದ್ನಿ. ಬ್ಯಾನಿ ಇದ್ದಾಂವನ್ನ ಸೈಕಲ್ ಮ್ಯಾಲೆ ಕಳಸಿದ್ನಿ ನೋಡ್ರಿ. ತಲಿ ತಿರಗಿ ಬಿದ್ದಾರ."

ಖಾಡಾ ಎಂದರೆ ಕೆಲಸಕ್ಕೆ ಗೈರು. ಆಕೆ ಹೆದರಿದ್ದು ನನ್ನ ಹೆಸರಿಗೆ.

ಆಗಲೇ ಆಕೆಯೆದುರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಎದ್ದು ಹೋಗಿ ಡಾಕ್ಟರ್ ಬಾಯಿಯವರನ್ನು ಹುಡುಕಿದೆ. ನರ್ಸುಗಳ ಮೇಜಿನ ಹತ್ತಿರ ನಿಂತು ಏನೋ ಬರೆಯುತ್ತಿದ್ದರು.

"ಮಂಗಳವಾರರಿ" ಎಂದೆ. "ಹನ್ನೊಂದಕ್ಕ. ಲಾಳಿ ಹಾರಿ ಬಡದೈತಿ. ಸೈಕಲ್ ಅಲ್ಲ."

ಕಿಸೆಯಿಂದ ಗುಳಿಗೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ. ಆರು ಗುಳಿಗೆಯ ಜಾಗ ಖಾಲಿಯಿತ್ತು.

ಅವರು ಬೈಯಲಿಲ್ಲ. ಸ್ಟ್ರಿಪ್ ತಿರುಗಿಸಿ ಹೆಸರು ಓದಿದರು. "ಇದು ನೋವಷ್ಟ ತಗ್ಗಸೂದಿಲ್ಲ, ರಕ್ತ ಹೆಪ್ಪುಗಟ್ಟೂದನ್ನೂ ತಡೀತೈತಿ. ಒಳಗ ಸೋರಿದ್ದಕ್ಕ ಇದೂ ಕೂಡೇತಿ" ಎಂದರು. ಮರುಕ್ಷಣ ಫೋನ್ ಎತ್ತಿದರು. ದೊಡ್ಡ ಡಾಕ್ಟರು ಬಂದರು. ಸಂಜೆಯ ಸ್ಕ್ಯಾನಿಗೆ ಕಾಯಲಿಲ್ಲ, ಆಗಲೇ ಮಾಡಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳ ಚೀಲ ಬೇಕೆಂದು ಚೀಟಿ ಕೊಟ್ಟರು. ಅದನ್ನು ಹಿಡಿದು ರಕ್ತನಿಧಿಗೆ ಓಡಿದವನು ನಾನು. ಅಲ್ಲಿ ಹೊಂದಿಸಿ ಕೊಡುವ ಹೊತ್ತಿಗೆ ಮುಕ್ಕಾಲು ತಾಸು ಹೋಯಿತು. ಚೀಲಗಳನ್ನು ಅಂಗಿಯೊಳಗೆ ಅಪ್ಪಿಕೊಂಡು ಬಂದೆ. ಗುಳಿಗೆಯ ವಿಷಯ ಮುಂಜಾನೆ ಹೇಳಿದ್ದರೆ ಆ ಚೀಲಗಳು ಆಗಲೇ ಬಂದಿರುತ್ತಿದ್ದವು.

ನಾಲ್ಕು ಗಂಟೆಗೆ ಆಪರೇಷನ್ನಿಗೆ ಒಯ್ದರು. ಎಡಭಾಗದ ಬುರುಡೆಯ ಒಂದು ತುಂಡು ತೆಗೆದು ಮಿದುಳು ಬಾತು ನಿಲ್ಲಲು ಜಾಗ ಮಾಡಿದರು. ಮುಗಿದ ಮೇಲೆ ಡಾಕ್ಟರ್ ಬಾಯಿಯವರನ್ನು ಕೇಳಿದೆ.

"ಮುಂಜಾನೆ ಹೇಳಿದ್ರ ಎಷ್ಟು ಫರಕ್ ಆಗತಿತ್ತರಿ?"

"ಅದನ್ನ ಯಾರೂ ಅಳದು ಹೇಳಾಕ ಬರೂದಿಲ್ಲ. ಮಂಗಳವಾರ ಕರಕೊಂಡು ಬಂದಿದ್ರ ಭಾಳ ಆಗತಿತ್ತು. ಅದಷ್ಟು ಹೇಳಬಲ್ಲೆ."

"ಬಾವು ಆಗದಂಗ ಆ ಅಂಟನ್ನ ತಡಿಯೂ ಔಷಧಾ ಇಲ್ಲೇನ್ರಿ?"

"ಹುಡುಕಾಕತ್ತಾರ. ಪ್ರಯೋಗಶಾಲೆಯೊಳಗ ಚಲೋ ಕಂಡದ್ದು ಮನುಷ್ಯಾರಿಗೆ ಇನ್ನೂ ಕೈಗೆ ಸಿಕ್ಕಿಲ್ಲ. ಪೂರಾ ತಡದ್ರ ಹೊಲಸ ಬಳಿಯಾವ್ರು ಯಾರು? ಅದಕ್ಕ ಸದ್ಯಾ ನಮ್ಮ ಕಡೆ ಇರೂ ದೊಡ್ಡ ಔಷಧಾ ಅಂದ್ರ ಹೊತ್ತು. ಅದನ್ನ ನೀವು ಇಟ್ಟುಕೊಂಡಿದ್ರಿ."

ಒಂದು ವಿನಂತಿ ಮಾಡಿದೆ. ಹೆಂಡತಿಗೆ ತಿಳಿಸಬೇಡಿ ಎಂದೆ. ಆಗ ಮಾತ್ರ ಅವರ ದನಿ ಬದಲಾಯಿತು. "ಖರೇ ಏನೈತಿ ಅದನ್ನ ಕಾಗದದಾಗ ಬರೀತೇನಿ, ಅದು ನನ್ನ ಕೆಲಸ. ಆಕೀಗೆ ಹೇಳೂದು ನಿಮ್ಮ ಕೆಲಸ. ನನ್ನ ಕಡೆ ಒಪ್ಪಸಬ್ಯಾಡ್ರಿ."

ಕಾಗದ ಇಂಗ್ಲಿಷಿನಲ್ಲಿತ್ತು. ಆಕೆ ಅದನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು.

ಜೀವ ಉಳಿಯಿತು. ಐದು ವಾರ ಆಸ್ಪತ್ರೆ, ಆಮೇಲೆ ಮೂಳೆಯ ತುಂಡು ಕೂಡಿಸಲು ಮತ್ತೊಮ್ಮೆ. ಬಲಗೈ ಅರ್ಧ ಏಳುತ್ತಿತ್ತು, ಬೆರಳು ಮುಷ್ಟಿಯಾಗಿಯೇ ಇರುತ್ತಿದ್ದವು. ಮಾತು ಒಂದೊಂದಾಗಿ ಬರುತ್ತಿತ್ತು, ಕೆಲವು ಬರುತ್ತಲೇ ಇರಲಿಲ್ಲ. ಖೋಲಿ ಬಿಟ್ಟು ಗಡಹಿಂಗ್ಲಜ ಕಡೆಯ ತಮ್ಮ ಹಳ್ಳಿಗೆ ಹೋದರು. ನಾನು ಗೋಡೆಯ ಸರಳುಗಳನ್ನು ಕಿತ್ತು ಎಲ್ಲ ಮಗ್ಗಗಳಿಗೂ ಗಾರ್ಡ್ ಹಾಕಿದೆ. ಡಬ್ಬಿ ಎಲ್ಲಿ ತೂಗುಹಾಕೋಣ ಎಂದು ಕೆಲಸಗಾರರು ಗೊಣಗಿದರು. ದೀಪಾವಳಿಗೆ ಕೆಲಸ ಬಿಟ್ಟೆ. ಯಾಕೆ ಬಿಟ್ಟೆಯೆಂದು ಕೇಳಿದವರಿಗೆ ಕಣ್ಣು ಮಂದವಾಗಿವೆ ಎಂದೆ.

ಎಂಟು ತಿಂಗಳ ಮೇಲೆ ಅವರ ಊರಿಗೆ ಹೋದೆ. ಹೇಳಬೇಕೆಂದೇ ಹೋಗಿದ್ದೆ. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಇಳಿದು, ಟಮಟಮ್ ಹತ್ತಿ, ಹತ್ತು ಗಂಟೆಗೆ ಮನೆ ಮುಟ್ಟಿದೆ. ಅವನು ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಏಳಲು ನೋಡಿದ.

"ಕಾಕಾ… ಬರ್ರಿ. ನಾ… ಸೈಕಲ್… ಬಿದ್ನಿ. ತಪ್ಪಾ… ತಪ್ಪಾತ್ರಿ. ಪಾಳಿ… ಖಾಡಾ ಆತು."

ಆ ವಾರದ ನೆನಪು ಅವನಿಗೆ ಉಳಿದಿರಲಿಲ್ಲ. ಲಾಳಿ, ಅರಿಶಿನ, ಕಾಯಿ, ಗುಳಿಗೆ ಯಾವುದೂ. ಆ ಖಾಲಿ ಜಾಗದಲ್ಲಿ ಎಲ್ಲರೂ ಹೇಳಿದ ಸೈಕಲ್ ಕುಳಿತಿತ್ತು. ನನ್ನ ಸುಳ್ಳನ್ನು ಅವನು ತನ್ನ ನೆನಪೆಂದು ನನಗೇ ಒಪ್ಪಿಸಿ ಕ್ಷಮೆ ಕೇಳುತ್ತಿದ್ದ.

ಅವನ ತಾಯಿ ಒಳಗಿನಿಂದ ಬಂದರು. ನನಗೆ ನೀರು ಕೊಟ್ಟು, ಸೊಸೆಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದರು: "ನೋಡ್ರಿ ಜಾಬರ್, ಕೈ ಕಾಲು ಗಟ್ಟಿದ್ದ ಮಗನ್ನ ಕಳಸಿದ್ನಿ, ಹಿಂಗ ಮಾಡಿ ತಂದು ಕೊಟ್ಟಾಳ. ತಲಿ ನೋಯತೈತಿ ಅಂದಾಂವನ್ನ ಸೈಕಲ್ ಮ್ಯಾಲೆ ದಬ್ಬಿ ಕಳಸೂ ಹೆಂಗಸನ್ನ ಎಲ್ಲೆರೆ ಕಂಡೀರೇನು?"

ಸೊಸೆ ಚಹಾದ ಕಪ್ಪು ನನ್ನ ಮುಂದಿಟ್ಟಳು. ಮುಖವೆತ್ತಲಿಲ್ಲ. ಅದು ದಿನದ ಮಾತಾಗಿತ್ತು ಎಂಬುದು ಆಕೆ ಬೆಚ್ಚದಿದ್ದುದರಿಂದಲೇ ತಿಳಿಯಿತು. ಅವನು ಶೇಂಗಾ ಬಿಟ್ಟು, "ಅವ್ವಾ… ಬ್ಯಾಡ… ಬ್ಯಾಡ" ಎನ್ನುತ್ತಿದ್ದ.

ನಾನು ಚಹಾ ಕುಡಿದೆ. "ಆರಾಮ ಆಗತಾನ, ಕಾಳಜಿ ಮಾಡಬ್ಯಾಡ್ರಿ" ಎಂದು ಎದ್ದು ಬಂದೆ.

ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸು ನಿಂತಿತ್ತು. ಹತ್ತಿ ಕುಳಿತೆ. ಕಂಡಕ್ಟರ್ "ಬೋಲಾ ಕಾಕಾ, ಕುಠೆ?" ಎಂದು ಕೇಳಿದ, ಎಲ್ಲಿಗೆ ಟಿಕೆಟ್ ಎಂದು. ಪೆಟ್ಟು ಬಿದ್ದ ಆ ಕ್ಷಣಕ್ಕೆ ನಾನು ಅಂಟು, ತೇವ, ಗಾರ್ಡ್ ಎಂದು ನೂರು ಕಾರಣ ಹೇಳಿಕೊಳ್ಳಬಹುದಿತ್ತು. ಆಮೇಲೆ ಸುಳ್ಳು ಹೇಳಿದ್ದಕ್ಕೆ ಒಂದೂ ಇರಲಿಲ್ಲ. ಆ ಮನೆಯಲ್ಲಿ ಆ ಸುಳ್ಳಿನ ಬಾವು ಇನ್ನೂ ಏರುತ್ತಿತ್ತು, ನಾನು ಆಗ ತಾನೇ ಕಣ್ಣಾರೆ ನೋಡಿ ಬಂದಿದ್ದೆ. "ಕುಠೇಚ್ ನಾಹಿ", ಎಲ್ಲಿಗೂ ಇಲ್ಲ, ಎಂದು ಇಳಿದೆ.

ಮತ್ತೆ ಆ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ತಾಯಿ ಇರಲಿಲ್ಲ. ಅವನು ಒಳಗೆ ಮಲಗಿದ್ದ. ಸೊಸೆ ಹಿಟ್ಟು ಸಾಣಿಸುತ್ತಿದ್ದವಳು ಎದ್ದಳು.

"ಏನ ಮರತ್ರಿ ಕಾಕಾ?"

"ಹೂಂ" ಎಂದೆ. ನಿಂತೇ ಹೇಳಿದೆ. ಮಂಗಳವಾರ, ಹನ್ನೊಂದು ಗಂಟೆ, ಅಂಟಿದ ಹಾಸು, ಅವನು ಮೊದಲೇ ಬಂದು ಎಚ್ಚರಿಸಿದ್ದು, ನಾನು ನಡೆಸು ಅಂದದ್ದು, ಗೋಡೆಗೆ ಬಡಿದ ಗಾರ್ಡುಗಳು, ಗುಳಿಗೆ, ವಾಂತಿ. ಗುರುವಾರ ಅವನು ಸೈಕಲ್ಲಿನಿಂದ ಬಿದ್ದು ತಲೆ ಒಡೆದುಕೊಳ್ಳಲಿಲ್ಲ, ತಲೆ ಮೊದಲೇ ಒಡೆದಿದ್ದರಿಂದ ಬಿದ್ದ ಎಂದೆ. ಆಸ್ಪತ್ರೆಯಲ್ಲಿ ಕುಳಿತ ಎರಡೂವರೆ ತಾಸನ್ನೂ ಹೇಳಿದೆ. ಆಕೆ ಜರಡಿ ಹಿಡಿದುಕೊಂಡೇ ಕೇಳಿದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ಎರಡು ದಿನಾ ನನ್ನ ಜೋಡಿ ಉಂಡ್ರು, ಮಲಗಿದ್ರು. ತಲಿಗೆ ಯಾಕ ಟವೆಲ್ ಅಂದ್ರ ಥಂಡಿ ಅಂದ್ರು. ನನ್ನ ಮುಂದ ಯಾಕ ಹೇಳಲಿಲ್ಲ ಅವರು?"

"ನಾನ ಬ್ಯಾಡ ಅಂದಿದ್ನಿ ಯವ್ವಾ."

"ಹೇಳಿದ್ರ ನಾ ಕಳಸ್ತಿದ್ದಿಲ್ಲ."

"ಹೌದು."

"ಗುರುವಾರ ಕಳಸ್ತಿದ್ದಿಲ್ಲ. ಬುಧವಾರನೂ ಕಳಸ್ತಿದ್ದಿಲ್ಲ. ಹೊತ್ತುಕೊಂಡು ದವಾಖಾನಿಗೆ ಒಯ್ತಿದ್ನಿ."

"ಹೌದವ್ವಾ."

ನಾನು ಕಾಲಿಗೆ ಬೀಳಲು ಬಾಗಿದೆ. ಆಕೆ ಹಿಂದೆ ಸರಿದಳು.

"ಅದು ಬ್ಯಾಡ್ರಿ. ಕಾಲಿಗೆ ಬಿದ್ದು ಹೋಗಿಬಿಡತೀರಿ, ನಾ ಇಲ್ಲೇ ಇರಾಕಿ. ನಾ ಹೇಳಿದ್ರ ಈ ಊರಾಗ ಯಾರೂ ನಂಬೂದಿಲ್ಲ. ತನ್ನ ತಪ್ಪು ಮುಚ್ಚಾಕ ಕತಿ ಕಟ್ಟ್ಯಾಳ ಅಂತಾರ." ಗೋಡೆಗೆ ಒರಗಿಸಿದ್ದ ಚಾಪೆ ತಂದು ಹಾಸಿದಳು. "ಅತ್ತಿ ಮೇವು ತರಾಕ ಹೊಲಕ್ಕ ಹೋಗ್ಯಾರ. ಬರೂತನಾ ಕುಂಡ್ರಿ. ಈಗ ನನ್ನ ಮುಂದ ಹ್ಯಾಂಗ ಹೇಳಿದ್ರಿ, ಹಂಗ ಅವರ ಮುಂದ ಹೇಳ್ರಿ. ಬಾಜೂ ಮನಿಯವ್ರನ್ನೂ ಕರೀತೇನಿ. ಎದ್ದ ಮ್ಯಾಲೆ ಇವರ ಮುಂದೂ ಹೇಳ್ರಿ. ಎಷ್ಟು ಸಲ ಕೇಳತಾರ ಅಷ್ಟು ಸಲ ಹೇಳ್ರಿ."

ಕುಳಿತೆ. ಆಕೆ ಮತ್ತೆ ಹಿಟ್ಟು ಸಾಣಿಸತೊಡಗಿದಳು. ನನಗೆ ನೀರು ಕೊಡಲಿಲ್ಲ. ನಾನೂ ಕೇಳಲಿಲ್ಲ. ಮೂರೂವರೆಯ ಸುಮಾರಿಗೆ ಓಣಿಯ ಕೊನೆಯಲ್ಲಿ ಮೇವಿನ ಹೊರೆ ಕಂಡಿತು, ಅದರ ಕೆಳಗೆ ಆ ತಾಯಿಯ ನಡಿಗೆ. ಸೊಸೆ ಎದ್ದು ಹೋಗಿ ಹೊರೆ ಇಳಿಸಿಕೊಂಡಳು.

"ಅಯ್ಯ, ಜಾಬರ್ ಮತ್ತ ಬಂದಾರ?" ಎಂದರು ಅವರು ಬೆವರು ಒರೆಸಿಕೊಳ್ಳುತ್ತ.

ನಾನು ಚಾಪೆಯಿಂದ ಎದ್ದು ನಿಂತೆ. "ಅವ್ವಾರ" ಎಂದೆ, "ನಿಮ್ಮ ಮಗ ಸೈಕಲ್ ಮ್ಯಾಲಿಂದ ಬಿದ್ದದ್ದಕ್ಕ ಹಿಂಗ ಆಗಿಲ್ರಿ."